ಬಾಜಿ ಗೆದ್ದವನಿಗೆ ಸಲ್ಲುವುದೆಷ್ಟು?

2023ರ ಮೇ 13ರಂದು ಕುಮಟಾದ ಡಾ. ಎ.ವಿ. ಬಾಳಿಗಾ ಕಾಲೇಜಿನಲ್ಲಿ ಉತ್ತರ ಕನ್ನಡದ ಆರು ವಿಧಾನಸಭಾ ಕ್ಷೇತ್ರಗಳ ಮತ ಎಣಿಕೆ ಮುಗಿದಾಗ, ಕಾರವಾರ–ಅಂಕೋಲಾ ಕ್ಷೇತ್ರದಲ್ಲಿ ಸತೀಶ ಸೈಲ್ ಅವರು ರೂಪಾಲಿ ನಾಯ್ಕ ಅವರಿಗಿಂತ 2,138 ಮತ ಹೆಚ್ಚು ಪಡೆದಿದ್ದರು. ಐದು ವರ್ಷ ಹಿಂದೆ ಇದೇ ಕ್ಷೇತ್ರದಲ್ಲಿ ರೂಪಾಲಿ ನಾಯ್ಕ ಗೆದ್ದದ್ದು 14 ಸಾವಿರಕ್ಕೂ ಹೆಚ್ಚಿನ ಅಂತರದಿಂದ. ಪಕ್ಕದ ಕುಮಟಾ ಕ್ಷೇತ್ರದಲ್ಲಂತೂ 2023ರಲ್ಲಿ ಗೆದ್ದವರಿಗೂ ಸೋತವರಿಗೂ ನಡುವೆ ಏಳುನೂರು ಮತವೂ ಇರಲಿಲ್ಲ. ಇಂಥ ಫಲಿತಾಂಶ ಹೊರಬಿದ್ದ ಸಂಜೆ ನಮ್ಮ ರಾಜ್ಯದ ಊರೂರಲ್ಲಿ ಇನ್ನೊಂದು ಲೆಕ್ಕವೂ ಚುಕ್ತಾ ಆಗುತ್ತದೆ. ಮತದಾನಕ್ಕೂ ಎಣಿಕೆಗೂ ನಡುವಿನ ದಿನಗಳಲ್ಲಿ ಬಾಜಿ ಕಟ್ಟಿದವರು ಇಬ್ಬರೂ ನಂಬುವ ಮೂರನೆಯವನೊಬ್ಬನ ಕೈಯಲ್ಲಿ ನೋಟಿನ ಕಟ್ಟು ಇಟ್ಟಿರುತ್ತಾರೆ. ರಬ್ಬರ್ ಬ್ಯಾಂಡ್ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಹೆಸರು ಬರೆಯದೆ ಇಟ್ಟ ಆ ಕಟ್ಟಿಗೆ ರಸೀದಿ ಇಲ್ಲ, ಕರಾರು ಪತ್ರ ಇಲ್ಲ. ಷರತ್ತು ಬಾಯಿಮಾತಿನದು: ಇಂಥವರು ಗೆದ್ದರೆ ನನಗೆ, ಅಂಥವರು ಗೆದ್ದರೆ ನಿನಗೆ, ಲೀಡ್ ಐದು ಸಾವಿರ ದಾಟಿದರೆ ಒಂದಕ್ಕೆ ಎರಡು. ಹಳೆ ಮೈಸೂರು ಕಡೆ ಜಮೀನು, ಟ್ರ್ಯಾಕ್ಟರ್, ಬೈಕು, ಕುರಿ ಪಣಕ್ಕಿಟ್ಟ ಸುದ್ದಿ ಪ್ರತಿ ಚುನಾವಣೆಯಲ್ಲೂ ಪತ್ರಿಕೆಗಳಲ್ಲಿ ಬರುತ್ತದೆ. ಕೋರ್ಟಿಗೆ ಹೋಗಲಾಗದ, ಪೊಲೀಸರಿಗೆ ಹೇಳಲಾಗದ ಈ ವ್ಯವಹಾರದಲ್ಲಿ ಸೋತವನು ಸಾಮಾನ್ಯವಾಗಿ ಕೊಟ್ಟೇಬಿಡುತ್ತಾನೆ. ಯಾಕೆ ಕೊಡುತ್ತಾನೆ, ಕೊಡಲೇಬೇಕೇ ಎಂಬುದು ಧರ್ಮಶಾಸ್ತ್ರದಷ್ಟೇ ಹಳೆಯ ಪ್ರಶ್ನೆ. ಗೆದ್ದವನು ಅದನ್ನು ತೆಗೆದುಕೊಳ್ಳಬಹುದೇ ಎಂಬ ಪ್ರಶ್ನೆಯೂ ಅಷ್ಟೇ ಹಳೆಯದು. ಅದನ್ನು ನಾವು ಕೇಳುವುದು ಮಾತ್ರ ತೀರಾ ಅಪರೂಪ.

ಬಾಜಿಯನ್ನು ತೀರಿಸಬೇಕಾದರೆ ಮೊದಲು ಯಾರು ಗೆದ್ದರೆಂದು ತೀರ್ಮಾನವಾಗಬೇಕು. ಇದು ಕೇಳಿದಷ್ಟು ಸುಲಭವಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 66ನೇ ಕಲಮಿನ ಪ್ರಕಾರ ಎಣಿಕೆ ಮುಗಿದ ಮೇಲೆ ಚುನಾವಣಾಧಿಕಾರಿ ಫಲಿತಾಂಶ ಘೋಷಿಸಬೇಕು. ಬಾಜಿ ಕಟ್ಟಿದವರೂ ಈ ಘೋಷಣೆಯನ್ನೇ ಕೊನೆಯ ಮಾತೆಂದು ಒಪ್ಪಿಕೊಂಡಿರುತ್ತಾರೆ. ಹನ್ನೊಂದು ಗಂಟೆಗೆ ಟಿವಿಯಲ್ಲಿ ಕಂಡ ಮುನ್ನಡೆಯನ್ನು ನಂಬಿ ಹಣ ಕೈಬದಲಾದರೆ ಏನಾಗುತ್ತದೆಂಬುದಕ್ಕೆ ಅದೇ ಮೇ 13ರ ಬೆಂಗಳೂರಿನ ಜಯನಗರ ಸಾಕ್ಷಿ. ಅಲ್ಲಿ ಮೊದಲು ಕಾಂಗ್ರೆಸ್ ಅಭ್ಯರ್ಥಿ ಗೆದ್ದರೆಂಬ ಸುದ್ದಿ ಹಬ್ಬಿತ್ತು. ಮರುಎಣಿಕೆಯಾಗಿ ತಡರಾತ್ರಿ ಬಿಜೆಪಿ ಅಭ್ಯರ್ಥಿ 16 ಮತಗಳಿಂದ ಗೆದ್ದರು. ಘೋಷಣೆಯೂ ಕೊನೆಯಲ್ಲ. ನಲವತ್ತೈದು ದಿನದೊಳಗೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಬಹುದು. ಮಾಲೂರಿನಲ್ಲಿ 2023ರಲ್ಲಿ 248 ಮತಗಳಿಂದ ಬಂದ ಗೆಲುವನ್ನು ಹೈಕೋರ್ಟು 2025ರ ಸೆಪ್ಟೆಂಬರಿನಲ್ಲಿ ಅಸಿಂಧು ಎಂದಿತು, ವಿಷಯ ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಎರಡು ವರ್ಷ ಹಿಂದೆ ಖರ್ಚಾಗಿ ಹೋದ ಬಾಜಿಯ ಹಣವನ್ನು ಅಂಥ ಹೊತ್ತಿನಲ್ಲಿ ವಾಪಸು ಕೇಳುವವರಿಲ್ಲ. ಹಾಗಾದರೆ ಬಾಜಿ ಇದ್ದದ್ದು ನಿಜವಾಗಿ ಯಾರು ಗೆದ್ದರು ಎಂಬುದರ ಮೇಲಲ್ಲ, ಆ ದಿನ ಅಧಿಕಾರಿ ಯಾರ ಹೆಸರು ಓದಿದರು ಎಂಬುದರ ಮೇಲೆ ಎಂದಾಯಿತು. ಇಬ್ಬರು ಅಭ್ಯರ್ಥಿಗಳಿಗೆ ಸಮಸಮ ಮತ ಬಂದರೆ ಚೀಟಿ ಎತ್ತಬೇಕು, ಚೀಟಿ ಬಂದವರಿಗೆ ಒಂದು ಮತ ಹೆಚ್ಚು ಬಂದಂತೆ ಲೆಕ್ಕ ಹಿಡಿಯಬೇಕು ಎಂದು ಅದೇ ಕಾಯ್ದೆಯ 65ನೇ ಕಲಮು ಹೇಳುತ್ತದೆ. 2004ರಲ್ಲಿ ಚಾಮರಾಜನಗರದ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಮತದಿಂದ; ಅಂದರೆ ರಾಜ್ಯದ ಒಂದು ಶಾಸಕ ಸ್ಥಾನ ಚೀಟಿಗೆ ಬರುವುದರಿಂದ ಒಂದು ಮತದಷ್ಟೇ ದೂರದಲ್ಲಿತ್ತು.

ಷರತ್ತಿನ ಮಾತು ಸಡಿಲವಾಗಿದ್ದರೆ ತಕರಾರು ಇನ್ನೂ ಹೆಚ್ಚು. 2008ರ ಮೇ ತಿಂಗಳಲ್ಲಿ ಕಾರವಾರದಿಂದ ಕಾಂಗ್ರೆಸ್ಸಿನಿಂದ ಗೆದ್ದ ಆನಂದ ಅಸ್ನೋಟಿಕರ್ ಕೆಲವೇ ವಾರಗಳಲ್ಲಿ ರಾಜೀನಾಮೆ ಕೊಟ್ಟು ಬಿಜೆಪಿ ಸೇರಿದರು, ಡಿಸೆಂಬರಿನ ಉಪಚುನಾವಣೆಯಲ್ಲಿ ಆ ಪಕ್ಷದಿಂದಲೇ ಗೆದ್ದರು. ಆ ವರ್ಷ ಕಾರವಾರವನ್ನು ಯಾರು ಗೆದ್ದರು ಎಂದು ಕೇಳಿದರೆ ವ್ಯಕ್ತಿಯ ಮೇಲೆ ಬಾಜಿ ಕಟ್ಟಿದವನ ಉತ್ತರ ಒಂದು, ಪಕ್ಷದ ಮೇಲೆ ಕಟ್ಟಿದವನದು ಇನ್ನೊಂದು. 2018ರಲ್ಲಿ ಮುಖ್ಯಮಂತ್ರಿ ಯಾರಾಗುತ್ತಾರೆ ಎಂದು ಬಾಜಿ ಕಟ್ಟಿದವರಿಗೆ ಮೇ 17ರಂದು ಯಡಿಯೂರಪ್ಪ, ಮೇ 23ರಂದು ಕುಮಾರಸ್ವಾಮಿ ಇಬ್ಬರೂ ಪ್ರಮಾಣವಚನ ಸ್ವೀಕರಿಸುವುದು ಕಂಡಿತು. ಹೊರದೇಶಗಳಲ್ಲಿ ಇದೇ ವ್ಯವಹಾರ ಕಂಪನಿಗಳ ಮಟ್ಟದಲ್ಲಿ ನಡೆದಾಗಲೂ ಗೊಂದಲ ತಪ್ಪಲಿಲ್ಲ. 2020ರ ಅಮೆರಿಕ ಅಧ್ಯಕ್ಷೀಯ ಚುನಾವಣೆಯ ಬಾಜಿಯನ್ನು ಬ್ರಿಟನ್ನಿನ ಬೆಟ್‌ಫೇರ್ ತೀರಿಸಿದ್ದು ಮತದಾನವಾಗಿ ಒಂದು ತಿಂಗಳು ಕಳೆದು, ಡಿಸೆಂಬರಿನಲ್ಲಿ ಚುನಾಯಕ ಮಂಡಳಿಯ ಮತ ಬಿದ್ದ ಮೇಲೆ. 2024ರ ವೆನೆಜುವೆಲಾ ಚುನಾವಣೆಯಲ್ಲಿ ಅಲ್ಲಿನ ಚುನಾವಣಾ ಮಂಡಳಿ ಮಡೂರೊ ಗೆದ್ದರೆಂದು ಘೋಷಿಸಿತು; ಪಾಲಿಮಾರ್ಕೆಟ್ ಎಂಬ ಬಾಜಿಕಟ್ಟೆ ವಿರೋಧ ಪಕ್ಷದ ಗೊನ್ಸಾಲೆಸ್ ಗೆದ್ದರೆಂದು ತೀರ್ಮಾನಿಸಿ ಹಣ ಹಂಚಿತು. ಸರಕಾರದ ಘೋಷಣೆ ಸುಳ್ಳೆಂದು ತೋರಿದರೆ ಬಾಜಿ ಯಾರ ಮಾತನ್ನು ಕೇಳಬೇಕು? ಘೋಷಣೆಯನ್ನೇ ನಂಬುತ್ತೇನೆಂದು ಪಣ ಇಟ್ಟವನಿಗೆ ಅಲ್ಲಿ ಅನ್ಯಾಯವಾಯಿತೋ, ಜನ ಹಾಕಿದ ಮತವೇ ಸತ್ಯವೆಂದು ಪಣ ಇಟ್ಟವನಿಗೆ ನ್ಯಾಯ ಸಿಕ್ಕಿತೋ ಎಂದು ಇಬ್ಬರೂ ಬಹುಕಾಲ ವಾದಿಸಬಹುದು.

ಇಂಥ ವಾದವನ್ನು ನಮ್ಮ ಜನ ತಾಳಮದ್ದಳೆಯಲ್ಲಿ, ಬಯಲಾಟದಲ್ಲಿ ಎಷ್ಟೋ ಸಲ ಕೇಳಿದ್ದಾರೆ. ಮಹಾಭಾರತದ ವಿರಾಟಪರ್ವದಲ್ಲಿ ಅರ್ಜುನ ಬೃಹನ್ನಳೆಯ ವೇಷ ಕಳಚಿ ಯುದ್ಧಕ್ಕೆ ನಿಂತಾಗ ದುರ್ಯೋಧನನ ತಕರಾರು ಬಾಜಿಯ ಲೆಕ್ಕದ್ದೇ: ಹದಿಮೂರನೆಯ ವರ್ಷ ಮುಗಿಯುವ ಮೊದಲೇ ಗುರುತು ಸಿಕ್ಕಿತು, ಪಾಂಡವರು ಮತ್ತೆ ಹನ್ನೆರಡು ವರ್ಷ ಕಾಡಿಗೆ ಹೋಗಬೇಕು. ಆಗ ಭೀಷ್ಮ ಪಂಚಾಂಗ ಬಿಡಿಸಿ ಲೆಕ್ಕ ಹೇಳುತ್ತಾನೆ. ಐದು ವರ್ಷಕ್ಕೆ ಎರಡು ಅಧಿಕಮಾಸ ಬೀಳುತ್ತವೆ, ಆ ಲೆಕ್ಕದಲ್ಲಿ ಹದಿಮೂರು ವರ್ಷಕ್ಕೆ ಐದು ತಿಂಗಳು ಹನ್ನೆರಡು ರಾತ್ರಿ ಹೆಚ್ಚಾಗುತ್ತದೆ, ಅವಧಿ ತುಂಬಿದೆ. ದುರ್ಯೋಧನ ಒಪ್ಪುವುದಿಲ್ಲ. ಲೆಕ್ಕ ಅವನಿಗೆ ತಿಳಿಯದೆ ಅಲ್ಲ, ತೀರ್ಪು ತನಗೆ ವಿರುದ್ಧವಾದಾಗ ತೀರ್ಪುಗಾರನನ್ನೇ ಒಲ್ಲೆನೆನ್ನುವ ಹಠ ಅದು. ಸೋತಾಗ ಕೊಡುವವನಲ್ಲಿ ಒಂದು ನಿಜವಾದ ಗುಣ ಇರುವುದು ಇಲ್ಲಿಯೇ. ತನ್ನ ಮನಸ್ಸಿಗೆ ಒಲ್ಲದ ಸತ್ಯವನ್ನು, ತಾನು ಮೊದಲೇ ಒಪ್ಪಿದ ಮೂರನೆಯವನ ಬಾಯಿಂದ ಬಂದಾಗ, ಅವನು ಒಪ್ಪಿಕೊಳ್ಳುತ್ತಾನೆ. ತನ್ನ ಅಭ್ಯರ್ಥಿ ಸೋತದ್ದಕ್ಕೆ ಯಂತ್ರವನ್ನು, ಅಧಿಕಾರಿಯನ್ನು, ಜಾತಿಯನ್ನು ದೂರುತ್ತಿರುವ ಮನುಷ್ಯನೂ ಕಟ್ಟಿದ ಹಣ ಕೊಡುವ ಹೊತ್ತಿಗೆ ಎಣಿಕೆ ಸರಿ ಇತ್ತೆಂದು ಒಪ್ಪಿದಂತೆಯೇ. ಈ ಗುಣವನ್ನು ನಾನು ಹಗುರವಾಗಿ ಕಾಣುವುದಿಲ್ಲ.

ಕಾನೂನು ಮಾತ್ರ ಈ ಗುಣದ ಕಡೆ ತಿರುಗಿಯೂ ನೋಡುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಬಾಜಿಯ ಒಪ್ಪಂದ ಶೂನ್ಯ. ಗೆದ್ದ ಹಣಕ್ಕಾಗಿ ಯಾರೂ ದಾವೆ ಹೂಡುವಂತಿಲ್ಲ. ದೊಡ್ಡ ಬಹುಮಾನದ ಕುದುರೆ ಓಟಕ್ಕೆ ಮಾತ್ರ ವಿನಾಯಿತಿ. ಕಾರವಾರದ ಜನಕ್ಕೆ ಈ ನಿಷ್ಠುರತೆ ಸ್ವಲ್ಪ ಮೊದಲೇ ಬಂತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಮೂರು ವರ್ಷಕ್ಕೆ, 1865ರಲ್ಲಿ, ಮುಂಬಯಿ ಸರಕಾರ ಬಾಜಿಗೆ ಪೂರಕವಾದ ಒಪ್ಪಂದಗಳನ್ನೂ ಶೂನ್ಯವೆಂದಿತು: ಬಾಜಿಗಾಗಿ ಕೊಟ್ಟ ಸಾಲ, ಬಾಜಿ ಕಟ್ಟಿಸಿದ ದಲಾಲನ ಕಮಿಷನ್ ಯಾವುದೂ ಕೋರ್ಟಿನಲ್ಲಿ ನಿಲ್ಲುವಂತಿರಲಿಲ್ಲ. ಬೇರೆ ಪ್ರಾಂತಗಳಲ್ಲಿ ಬಾಜಿ ಮಾತ್ರ ಶೂನ್ಯ, ಸುತ್ತಲಿನ ವ್ಯವಹಾರ ಊರ್ಜಿತ. ಸುಪ್ರೀಂ ಕೋರ್ಟು 1959ರಲ್ಲಿ ಘೇರೂಲಾಲ್ ಪಾರಖ್ ಮೊಕದ್ದಮೆಯಲ್ಲಿ ಇದನ್ನೆಲ್ಲ ಕೂಲಂಕಷವಾಗಿ ನೋಡಿ, ಬಾಜಿ ಶೂನ್ಯವೇ ಹೊರತು ಅಕ್ರಮವಲ್ಲ, ಅನೈತಿಕವೂ ಅಲ್ಲ ಎಂದು ತೀರ್ಮಾನಿಸಿತು. ಜೂಜಿನ ಮೇಲೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ದಂಡ ಬೇರೆಯೇ ಇದೆ. ಆದರೆ ಇಬ್ಬರ ನಡುವಿನ ಲೇವಾದೇವಿಯ ಮಟ್ಟಿಗೆ ಸಿವಿಲ್ ಕಾನೂನಿನ ನಿಲುವು ಕೊಟ್ಟವನನ್ನೂ ಕೊಡದವನನ್ನೂ ಕೇಳುವುದಿಲ್ಲ ಎಂಬುದು. ಕಾನೂನು ಮೌನವಾದಲ್ಲಿ ಮನಸ್ಸಾಕ್ಷಿ ಮಾತಾಡಲೇಬೇಕು, ಇಲ್ಲದಿದ್ದರೆ ಗಟ್ಟಿ ತೋಳಿನವನು ಮಾತಾಡುತ್ತಾನೆ.

ಧರ್ಮಶಾಸ್ತ್ರ ಹೀಗೆ ಮೌನವಾಗಿರಲಿಲ್ಲ. ಮನು ದ್ಯೂತವನ್ನೂ, ಕೋಳಿ–ಟಗರುಗಳನ್ನು ಕಾದಾಡಿಸಿ ಪಣ ಕಟ್ಟುವ ಸಮಾಹ್ವಯವನ್ನೂ ರಾಜ್ಯದಿಂದಲೇ ಕಿತ್ತುಹಾಕಬೇಕೆಂದ. ಯಾಜ್ಞವಲ್ಕ್ಯ ಬೇರೆ ದಾರಿ ಹಿಡಿದ. ಅವನ ಪ್ರಕಾರ ಜೂಜುಕಟ್ಟೆಗೆ ಸಭಿಕನೆಂಬ ಮೇಲ್ವಿಚಾರಕನಿರಬೇಕು. ನೂರು ಮತ್ತು ಅದಕ್ಕೆ ಮೇಲಿನ ಗೆಲುವಿನಲ್ಲಿ ಅವನು ನೂರಕ್ಕೆ ಐದು ಪಡೆಯಬೇಕು, ರಾಜನ ಪಾಲು ರಾಜನಿಗೆ ಮುಟ್ಟಿಸಬೇಕು, ಸೋತವನಿಂದ ವಸೂಲು ಮಾಡಿ ಗೆದ್ದವನಿಗೆ ಕೊಡಬೇಕು, ಸತ್ಯವನ್ನೇ ಹೇಳಬೇಕು, ತಾಳ್ಮೆಯಿಂದಿರಬೇಕು. ರಾಜನಿಗೆ ಪಾಲು ಸಂದ, ಎಲ್ಲರಿಗೂ ಗೊತ್ತಿದ್ದ ಕಟ್ಟೆಯಲ್ಲಿ ಆಡಿದ್ದರೆ ರಾಜನೇ ಗೆಲುವನ್ನು ಕೊಡಿಸಬೇಕು. ಕದ್ದು ಆಡಿದ್ದರೆ ಕೊಡಿಸಬೇಕಾಗಿಲ್ಲ. ಇದಕ್ಕೆ ಟೀಕೆ ಬರೆದ ವಿಜ್ಞಾನೇಶ್ವರ ಕಲ್ಯಾಣದವನು, ಆರನೆಯ ವಿಕ್ರಮಾದಿತ್ಯನ ಕಾಲದವನು. ಅವನ ಮಿತಾಕ್ಷರಾ ಮನುವಿನ ನಿಷೇಧವನ್ನು ಕಪಟದ ದಾಳದ ಆಟಕ್ಕೆ, ರಾಜನ ಅಧ್ಯಕ್ಷನೂ ಸಭಿಕನೂ ಇಲ್ಲದ ಆಟಕ್ಕೆ ಅನ್ವಯಿಸಿ ಎರಡೂ ಸ್ಮೃತಿಗಳನ್ನು ಹೊಂದಿಸುತ್ತದೆ. ನನಗೆ ಮುಖ್ಯವಾಗಿ ಕಾಣುವುದು ಸಭಿಕನ ಮೇಲೆ ಹೊರಿಸಿದ ಸತ್ಯ ಮತ್ತು ತಾಳ್ಮೆ. ಜೂಜನ್ನು ಒಪ್ಪಿದ ಶಾಸ್ತ್ರವೂ ವಸೂಲಿಯ ಕೆಲಸವನ್ನು ಗೆದ್ದವನ ಕೈಗೆ ಕೊಡಲಿಲ್ಲ. ಇಂದು ನೋಟಿನ ಕಟ್ಟು ಇಟ್ಟುಕೊಂಡ ಮೂರನೆಯವನು ಆ ಸಭಿಕನ ಜಾಗದಲ್ಲೇ ಕೂತಿದ್ದಾನೆ, ರಾಜನ ಒಪ್ಪಿಗೆಯಿಲ್ಲದೆ.

ಹಾಗಾದರೆ ಕಾನೂನು ಬಲವಂತ ಮಾಡದ ಬಾಜಿಯನ್ನು ಸೋತವನು ತೀರಿಸಬೇಕೇ? ತನ್ನ ಸ್ವಂತ ದುಡಿಮೆಯ, ಕಳೆದುಕೊಂಡರೆ ಮನೆ ಅಲ್ಲಾಡದ ಹಣವಾದರೆ ತೀರಿಸಬೇಕು ಎಂದೇ ನಾನು ಭಾವಿಸುತ್ತೇನೆ. ಮಾಡಬಾರದ ಒಪ್ಪಂದಕ್ಕೆ ಕಟ್ಟುಬೀಳುವ ಅಗತ್ಯವಿಲ್ಲ, ಕೆಟ್ಟ ಮಾತನ್ನು ಮುರಿಯುವುದೇ ಪುಣ್ಯ ಎಂದು ಇದಕ್ಕೆ ಆಕ್ಷೇಪ ಬರಬಹುದು. ಕೊಲೆ ಮಾಡುತ್ತೇನೆಂದು ಕೊಟ್ಟ ಮಾತಿಗೆ ಆ ವಾದ ಸರಿ. ಅಲ್ಲಿ ಮಾತು ಉಳಿಸಿಕೊಳ್ಳುವುದೇ ಮೂರನೆಯವನಿಗೆ ಹಾನಿ. ಬಾಜಿಯಲ್ಲಿ ತಪ್ಪು ಆಗಿಹೋದದ್ದು ಕಟ್ಟುವಾಗ, ಇಬ್ಬರಿಂದಲೂ ಆದದ್ದು. ಗೆದ್ದಿದ್ದರೆ ತೆಗೆದುಕೊಳ್ಳುತ್ತಿದ್ದವನು ಸೋತ ಕ್ಷಣದಲ್ಲಿ ಬಾಜಿ ಪಾಪವೆಂಬ ಜ್ಞಾನೋದಯ ಪಡೆದರೆ ಆ ಜ್ಞಾನದ ಬೆಲೆ ಎದುರಿನವನೊಬ್ಬನೇ ತೆತ್ತಂತಾಗುತ್ತದೆ. ಪಶ್ಚಾತ್ತಾಪ ನಿಜವಾಗಿದ್ದರೆ ಅದು ಮುಂದಿನ ಬಾಜಿಯನ್ನು ತಡೆಯಬೇಕು, ಹಿಂದಿನದನ್ನು ನುಂಗಬಾರದು.

ಆದರೆ 'ತನ್ನ ಸ್ವಂತ' ಎಂಬ ಷರತ್ತು ಸಣ್ಣದಲ್ಲ. ಹಸ್ತಿನಾವತಿಯ ಸಭೆಗೆ ಕರೆಯಲು ಬಂದ ಪ್ರಾತಿಕಾಮಿಯನ್ನು ದ್ರೌಪದಿ ವಾಪಸು ಕಳಿಸಿ ಕೇಳಿಸಿದ್ದು ಇದೇ: ಧರ್ಮರಾಯ ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ತನ್ನನ್ನೇ ಕಳೆದುಕೊಂಡವನಿಗೆ ಇನ್ನೊಬ್ಬರನ್ನು ಪಣಕ್ಕಿಡುವ ಹಕ್ಕು ಎಲ್ಲಿಂದ ಬಂತು? ಭೀಷ್ಮ ಧರ್ಮ ಸೂಕ್ಷ್ಮವೆಂದು ಹೇಳಿ ಜಾರಿಕೊಂಡ. ಕೌರವರಲ್ಲೇ ಒಬ್ಬನಾದ ವಿಕರ್ಣ ಮಾತ್ರ ಎದ್ದು ನಿಂತು ಅವಳು ಗೆಲ್ಲಲ್ಪಟ್ಟವಳಲ್ಲ ಎಂದ. ಅವಳು ಐವರಿಗೂ ಸಂಬಂಧಪಟ್ಟವಳು, ಪಣ ಇಟ್ಟವನು ಮೊದಲೇ ಸೋತವನು, ಅವಳ ಹೆಸರೆತ್ತಿದ್ದು ಎದುರಾಳಿ ಶಕುನಿ ಎಂಬುದು ಅವನ ಕಾರಣ. ಈ ವಾದದ ಮೊದಲ ಕಾರಣವನ್ನು ಇಂದಿನ ಜಮೀನಿನ ಬಾಜಿಗೆ ಹಚ್ಚಿ ನೋಡಿ. ಎರಡೆಕರೆ ಪಣಕ್ಕಿಟ್ಟವನ ಹೆಸರು ಪಹಣಿಯಲ್ಲಿ ಒಂಟಿಯಾಗಿ ಇರಬಹುದು; ಆದರೆ ಅದು ಪಿತ್ರಾರ್ಜಿತವಾದರೆ ಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಬರುತ್ತದೆ ಎಂದು ಸಾರಿದ್ದೂ ಅದೇ ಮಿತಾಕ್ಷರಾ. ಹೆಣ್ಣುಮಕ್ಕಳಿಗೂ ಆ ಪಾಲನ್ನು ಕರ್ನಾಟಕ 1994ರಲ್ಲಿ, ಇಡೀ ದೇಶ 2005ರಲ್ಲಿ ಕೊಟ್ಟಿತು. ತಂದೆಯ ಸಾಲ ತೀರಿಸುವುದು ಮಗನ ಪುಣ್ಯಕರ್ತವ್ಯವೆಂದ ಹಿಂದೂ ನ್ಯಾಯಶಾಸ್ತ್ರವೂ ಜೂಜಿನ ಸಾಲವನ್ನು ಅವ್ಯಾವಹಾರಿಕವೆಂದು ಹೊರಗಿಟ್ಟಿತು. ಅಂದರೆ ಸೋತವನ ಮಾತು ಅವನನ್ನು ಕಟ್ಟುತ್ತದೆ, ಅವನ ಮನೆಯವರನ್ನು ಕಟ್ಟುವುದಿಲ್ಲ. ಹೆಂಡತಿಯ ಸರ, ಮಗಳ ಕಾಲೇಜಿನ ಫೀಸು, ತಾಯಿಯ ಔಷಧದ ಹಣ ಬಾಜಿಗೆ ಹೋದರೆ ಅದು ಸೋತದ್ದೇ ಅಲ್ಲ, ಬೇರೆಯವರದನ್ನು ಎತ್ತಿ ಕೊಟ್ಟದ್ದು. ಅಲ್ಲಿ ಮಾತು ಉಳಿಸಿಕೊಳ್ಳುವ ದೊಡ್ಡಸ್ತಿಕೆಗೆ ಜಾಗವಿಲ್ಲ. ಇದಕ್ಕೂ ಒಂದು ಆಕ್ಷೇಪವಿದೆ: ಹೀಗೆಂದರೆ ಸೋತವರೆಲ್ಲ ಸಂಸಾರವನ್ನು ಮುಂದೆ ಮಾಡಿ ತಪ್ಪಿಸಿಕೊಳ್ಳುತ್ತಾರೆ. ಕೆಲವರು ತಪ್ಪಿಸಿಕೊಳ್ಳಲಿ. ಪಣವಾಗಿ ಏನು ಬಂದಿದೆ ಎಂದು ಕಟ್ಟುವ ದಿನವೇ ಕೇಳಬೇಕಾಗಿದ್ದವನು ಎದುರಾಳಿ. ಕೇಳದೆ ಕಟ್ಟಿದ್ದರ ನಷ್ಟವನ್ನು ಅವನು ಹೊರುವುದು ನ್ಯಾಯವೇ.

ಇಲ್ಲಿಂದ ಮಾತು ಗೆದ್ದವನ ಕಡೆ ತಿರುಗುತ್ತದೆ. ಚುನಾವಣೆಯ ಬಾಜಿ ಮಳೆ ಬರುತ್ತದೋ ಇಲ್ಲವೋ ಎಂಬ ಬಾಜಿಯಂತಲ್ಲ. ಪಣ ಕಟ್ಟುವವನಿಗೆ ಮತವೂ ಇದೆ, ಬಾಯಿಯೂ ಇದೆ, ಕೆಲವೊಮ್ಮೆ ಹಂಚಲು ಹಣವೂ ಇದೆ. ಆದಿಪರ್ವದಲ್ಲಿ ಕದ್ರು ಮತ್ತು ವಿನತೆ ಉಚ್ಚೈಶ್ರವಸ್ಸಿನ ಬಾಲದ ಬಣ್ಣದ ಮೇಲೆ ಪಣ ಕಟ್ಟುತ್ತಾರೆ, ಸೋತವಳು ಗೆದ್ದವಳಿಗೆ ದಾಸಿ. ಕುದುರೆ ಪೂರ್ತಿ ಬಿಳಿ ಎಂದು ಗೊತ್ತಾದ ಕದ್ರು ತನ್ನ ಹಾವುಮಕ್ಕಳಿಗೆ ಬಾಲವನ್ನು ಕಪ್ಪು ಕೂದಲಾಗಿ ಸುತ್ತಿಕೊಳ್ಳಲು ಹೇಳುತ್ತಾಳೆ. ಮರುದಿನ ಇಬ್ಬರೂ ಹೋಗಿ ನೋಡುತ್ತಾರೆ, ಬಾಲ ಕಪ್ಪಾಗಿ ಕಾಣುತ್ತದೆ, ವಿನತೆ ದಾಸಿಯಾಗುತ್ತಾಳೆ. ಷರತ್ತಿನ ಅಕ್ಷರಕ್ಕೆ ಸರಿಯಾಗಿಯೇ ಬಾಜಿ ತೀರಿತು, ಕಣ್ಣಿಗೆ ಕಂಡದ್ದೇ ತೀರ್ಪಾಯಿತು. ಗೆದ್ದವಳು ನೋಡುವ ವಸ್ತುವನ್ನೇ ಬದಲಿಸಿದ್ದಳು. ಇಂಗ್ಲೆಂಡಿನ ನ್ಯಾಯಾಲಯ 1785ರಲ್ಲಿ, ಅಲೆನ್ ಮತ್ತು ಹರ್ನ್ ನಡುವಿನ ಮೊಕದ್ದಮೆಯಲ್ಲಿ, ಇಬ್ಬರು ಮತದಾರರು ತಮ್ಮ ಕ್ಷೇತ್ರದ ಫಲಿತಾಂಶದ ಮೇಲೆ ಕಟ್ಟಿದ ಬಾಜಿಯನ್ನು ಅಸಿಂಧು ಎಂದಿತು. ಆ ಕಾಲದಲ್ಲಿ ಬಾಜಿಗಳು ಅಲ್ಲಿ ಸಾಮಾನ್ಯವಾಗಿ ಕೋರ್ಟಿನಲ್ಲಿ ನಿಲ್ಲುತ್ತಿದ್ದವು. ಇದು ಮಾತ್ರ ನಿಲ್ಲಲಿಲ್ಲ, ಪಣ ಕಟ್ಟಿದ ಕ್ಷಣದಿಂದ ಮತದಾರನ ಮತ ಸ್ವತಂತ್ರವಾಗಿ ಉಳಿಯುವುದಿಲ್ಲ ಎಂಬ ಕಾರಣಕ್ಕೆ. ಕಾರ್ಡಿನಲ್ಲುಗಳು ಪೋಪರನ್ನು ಆರಿಸುವಾಗ ರೋಮಿನಲ್ಲಿ ನಡೆಯುತ್ತಿದ್ದ ಬಾಜಿಯನ್ನು ಹದಿನಾಲ್ಕನೆಯ ಗ್ರೆಗರಿ 1591ರಲ್ಲಿ ಬಹಿಷ್ಕಾರದ ಬೆದರಿಕೆಯೊಂದಿಗೆ ನಿಷೇಧಿಸಿದ. ಒಂದು ಮತ ಏನು ಮಾಡೀತು ಎನ್ನುವವರು ಸಂತೇಮರಹಳ್ಳಿಯನ್ನು ನೆನೆಯಬೇಕು. ನಮ್ಮಲ್ಲಿ ಹೆಚ್ಚಿನ ಬಾಜಿ ಮತದಾನ ಮುಗಿದ ಮೇಲೆ ನಡೆಯುತ್ತದೆ, ಆಗ ಯಾವ ಮತವೂ ಬದಲಾಗದು ಎಂಬ ಸಮಾಧಾನ ಅರ್ಧ ಮಾತ್ರ ನಿಜ. ಗೆದ್ದರೆ ದುಡ್ಡೆಂಬ ಆಸೆ ಒಂದು ಚುನಾವಣೆಯಿಂದ ಇನ್ನೊಂದಕ್ಕೆ ಹರಿದು ಬರುತ್ತದೆ. ತನ್ನೂರಿನ ಶಾಲೆ, ರಸ್ತೆ, ಮೀನುಗಾರಿಕಾ ಬಂದರಿಗೆ ಯಾರು ಒಳ್ಳೆಯವರು ಎಂದು ಯೋಚಿಸಬೇಕಾದವನು ಯಾರು ಗೆಲ್ಲುವ ಕುದುರೆ ಎಂದು ಯೋಚಿಸಲು ಕಲಿಯುತ್ತಾನೆ.

ಬದುಕೇ ಒಂದು ಬಾಜಿ, ಕಡಲಿಗೆ ದೋಣಿ ಇಳಿಸುವವನೂ ಜೂಜಾಡುತ್ತಾನೆ ಎನ್ನುವವರಿದ್ದಾರೆ. ಕಾರವಾರ–ಅಂಕೋಲೆಯ ತೀರದಲ್ಲಿ ರಂಪಣಿ ಬಲೆ ಎಳೆಯುತ್ತಿದ್ದ ಕಾಲವನ್ನು ಬಲ್ಲವರು ಈ ಮಾತು ಒಪ್ಪಲಾರರು. ಹತ್ತಾರು ಮನೆಗಳ ಜನ ಸೇರಿ ಬಲೆ ಬಿಡುತ್ತಿದ್ದರು. ಬಂಗಡೆ ಸಿಕ್ಕಿದ ದಿನ ಬಲೆಗೆ ಇಷ್ಟು, ದೋಣಿಗೆ ಇಷ್ಟು, ಎಳೆದವರಿಗೆ ಇಷ್ಟು ಎಂದು ಪಾಲು, ಸಿಗದ ದಿನ ಎಲ್ಲರಿಗೂ ಖಾಲಿ ಕೈ. ಅಲ್ಲಿನ ಅನಿಶ್ಚಯ ಕಡಲಿನದು, ಮನುಷ್ಯರು ಕೂಡಿ ಅದನ್ನು ಹಂಚಿಕೊಂಡು ಹಗುರ ಮಾಡಿಕೊಂಡರು. ಒಬ್ಬನಿಗೆ ಮೀನು ಸಿಗಬೇಕಾದರೆ ಇನ್ನೊಬ್ಬ ಕಳೆದುಕೊಳ್ಳಬೇಕೆಂಬ ಕಟ್ಟಳೆ ಅದರಲ್ಲಿರಲಿಲ್ಲ. ಬಾಜಿಯಲ್ಲಿ ಇಲ್ಲದ ಅಪಾಯವನ್ನು ಇಬ್ಬರು ಕೂತು ಹುಟ್ಟಿಸುತ್ತಾರೆ, ಒಬ್ಬನ ನಷ್ಟವೇ ಇನ್ನೊಬ್ಬನ ಸಂಪಾದನೆ. ಹೊಸದಾಗಿ ಒಂದು ಕಾಳೂ ಅಲ್ಲಿ ಬೆಳೆಯುವುದಿಲ್ಲ.

ಇನ್ನೊಂದು ವಾದ ಗಟ್ಟಿಯಾದದ್ದು. ಗೆದ್ದವನೂ ಅಷ್ಟೇ ಹಣ ಒಡ್ಡಿದ್ದ, ಸೋತಿದ್ದರೆ ಕೊಡುತ್ತಿದ್ದ, ಹಾಗಾಗಿ ತೆಗೆದುಕೊಳ್ಳುವುದರಲ್ಲಿ ಅನ್ಯಾಯವೆಲ್ಲಿ? ಇಬ್ಬರಿಗೂ ಸಮಾನ ಅಪಾಯವಿತ್ತು ಎಂಬುದು ಆಟ ನ್ಯಾಯವಾಗಿ ನಡೆಯಿತೆನ್ನಲು ಸಾಕು. ಬಂದದ್ದನ್ನು ಉಳಿಸಿಕೊಳ್ಳುವ ಹಕ್ಕಿಗೆ ಅದು ಸಾಲದು. ಸಾವಿರ ರೂಪಾಯಿ ಒಬ್ಬನಿಗೆ ಸಂಜೆಯ ಖರ್ಚು, ಇನ್ನೊಬ್ಬನಿಗೆ ತಿಂಗಳ ರೇಷನ್. ಸಮಾನ ಪಣವೆಂಬುದು ನೋಟಿನ ಎಣಿಕೆಯಲ್ಲಿ ಮಾತ್ರ ಸಮಾನ. ಕಥೋಲಿಕ ಧರ್ಮಬೋಧೆ ಬಾಜಿಯನ್ನು ತನ್ನಷ್ಟಕ್ಕೆ ಅನ್ಯಾಯವೆನ್ನುವುದಿಲ್ಲ. ಒಬ್ಬನ ಅಥವಾ ಅವನನ್ನು ನಂಬಿದವರ ಅಗತ್ಯಕ್ಕೆ ಬೇಕಾದದ್ದನ್ನು ಅದು ಕಸಿದುಕೊಂಡಾಗ ಒಪ್ಪಲಾಗದು ಎನ್ನುತ್ತದೆ. ಕುರಾನ್ ಜೂಜನ್ನು ಮದ್ಯದ ಜೊತೆಗಿಟ್ಟು ದೂರವಿಡಲು ಹೇಳುತ್ತದೆ. ರೋಮನ್ನರು ಪರ್ಷಿಯನ್ನರ ಮೇಲೆ ಮತ್ತೆ ಗೆಲ್ಲುತ್ತಾರೋ ಇಲ್ಲವೋ ಎಂದು ಅಬೂಬಕರ್ ಮಕ್ಕಾದಲ್ಲಿ ಪಣ ಕಟ್ಟಿದ ಪ್ರಸಂಗ ಇಸ್ಲಾಮಿ ಪರಂಪರೆಯಲ್ಲಿದೆ. ಅದು ನಿಷೇಧಕ್ಕೆ ಮೊದಲಿನದೆಂದು ವ್ಯಾಖ್ಯಾನಕಾರರು ಹೇಳುತ್ತಾರೆ, ಗೆದ್ದದ್ದನ್ನು ದಾನ ಮಾಡಲು ಪ್ರವಾದಿ ಹೇಳಿದರೆಂದೂ ಕೆಲವು ನಿರೂಪಣೆಗಳಿವೆ. ರಾಜಕೀಯದ ಮೇಲಿನ ಬಾಜಿಗೆ ಇದಕ್ಕಿಂತ ಹತ್ತಿರದ ಪುರಾತನ ಉದಾಹರಣೆ ನನಗೆ ಗೊತ್ತಿಲ್ಲ. ಅಲ್ಲಿ ಗೆದ್ದವನ ಮಾತು ನಿಜವಾಯಿತು, ಹಣ ಅವನ ಬಳಿ ನಿಲ್ಲಲಿಲ್ಲ. ನಮ್ಮ ಶಾಸ್ತ್ರಗಳು ಬಲಿಪಾಡ್ಯಮಿಯನ್ನು ದ್ಯೂತಪ್ರತಿಪದೆಯೆಂದು ಕರೆದು ಆ ಒಂದು ದಿನ ಪಗಡೆಗೆ ಅವಕಾಶ ಕೊಟ್ಟಿವೆ ಎಂಬುದನ್ನು ಬಾಜಿಗೆ ಧರ್ಮದ ಒಪ್ಪಿಗೆಯೆಂದು ಹೇಳುವವರಿದ್ದಾರೆ. ಶಿವಪಾರ್ವತಿಯರ ಆಟವೆಂದು ಮನೆಯೊಳಗೆ ಆಡುವ ಹಬ್ಬದ ಪಗಡೆಯಲ್ಲಿ ಸೋತ ಕಾಸು ಮನೆಯಲ್ಲೇ ಉಳಿಯುತ್ತದೆ. ಅದನ್ನು ಕೌಂಟಿಂಗ್ ದಿನದ ಲಕ್ಷಗಳಿಗೆ ಹೊದಿಸಲಾಗದು.

ಬಾಜಿ ಮನುಷ್ಯನನ್ನು ಪ್ರಾಮಾಣಿಕನಾಗಿಸುತ್ತದೆ, ಹಣ ಇಟ್ಟಾಗಲೇ ನಿಜವಾದ ಅಂದಾಜು ಹೊರಬರುತ್ತದೆ ಎಂದು ಇತ್ತೀಚೆಗೆ ಬಾಜಿಕಟ್ಟೆಗಳ ಪರವಾಗಿ ಹೇಳುತ್ತಾರೆ. ಹಣವಿದ್ದವನ ಅಂದಾಜು ಹೆಚ್ಚು ಜೋರಾಗಿ ಕೇಳುತ್ತದೆ ಎಂಬುದಷ್ಟೇ ಅದರಿಂದ ಸಿದ್ಧವಾಗುತ್ತದೆ. ಬಾಜಿಯ ದರ ನೋಡಿ ಅಲೆ ಯಾರ ಕಡೆಗಿದೆ ಎಂದು ತೀರ್ಮಾನಿಸುವ ಮತದಾರರಿರುವಾಗ ಆ ದರವೇ ಹಾವಾಗಿ ಬಾಲಕ್ಕೆ ಸುತ್ತಿಕೊಳ್ಳಬಹುದು.

ಆದ್ದರಿಂದ ನಾನು ಹೇಳುವುದು ಇಷ್ಟು. ಫಲಿತಾಂಶದ ಸಂಜೆ ಸೋತವನು ತನ್ನದನ್ನು ಕೊಡಲು ಸಿದ್ಧನಿರಬೇಕು. ಗೆದ್ದವನು ಕೈ ಚಾಚುವ ಮೊದಲು ಅದು ಯಾರದೆಂದು ಕೇಳಬೇಕು, ಅವನ ಮನೆಯವರದೆಂದು ತಿಳಿದರೆ ಅಲ್ಲಿಗೇ ಬಿಡಬೇಕು. ಕಟ್ಟು ಇಟ್ಟುಕೊಂಡ ಮೂರನೆಯವನಿಗೂ ಕೆಲಸವಿದೆ: ಎಣಿಕೆಯ ಮೊದಲು ಯಾರಾದರೂ ತನ್ನ ಹಣ ವಾಪಸು ಕೇಳಿದರೆ ಅವಮಾನ ಮಾಡದೆ ಕೊಡುವುದು, ಪಣವಾಗಿ ಜಮೀನಿನ ಪತ್ರವೋ ಒಡವೆಯೋ ಬಂದರೆ ಮುಟ್ಟದಿರುವುದು. ಗೆದ್ದವನು ಹೀಗೆ ಬಿಟ್ಟುಕೊಡುತ್ತ ಹೋದರೆ ಬಾಜಿ ಕಟ್ಟುವುದರಲ್ಲಿ ಏನು ಉಳಿಯಿತು ಎಂದು ಕೇಳಬಹುದು. ದೊಡ್ಡ ಬಾಜಿಯಲ್ಲಿ ಏನೂ ಉಳಿಯುವುದಿಲ್ಲ, ಉಳಿಯದಿರಲಿ ಎಂಬುದೇ ನನ್ನ ಆಸೆ. ಸಣ್ಣ ಬಾಜಿ ಉಳಿಯುತ್ತದೆ. ಸೋತವನು ಗೆದ್ದವನಿಗೂ ಅವನ ಕಡೆಯವರಿಗೂ ಮೀನೂಟ ಹಾಕಿಸುವ ಬಾಜಿ ಕರಾವಳಿಗೆ ಹೊಸದಲ್ಲ. ಅದರಲ್ಲಿ ಮಾತೂ ಉಳಿಯುತ್ತದೆ, ಮನೆಯೂ ಉಳಿಯುತ್ತದೆ, ಕೊಟ್ಟವನೂ ಅದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾನೆ. ಮುಂದಿನ ವಿಧಾನಸಭಾ ಚುನಾವಣೆ 2028ರಲ್ಲಿ. ಅಷ್ಟರೊಳಗೆ ಕಾರವಾರ–ಅಂಕೋಲೆಯ ಕೆಲವು ಊರುಗಳಾದರೂ ಬಾಜಿಯ ಮಿತಿ ಒಂದು ಊಟವೆಂದು ತಾವೇ ಗೊತ್ತುಮಾಡಿಕೊಳ್ಳಬಹುದು. ಅದಕ್ಕೆ ಯಾವ ಕಾಯ್ದೆಯೂ ಬೇಕಿಲ್ಲ, ಕಟ್ಟು ಇಟ್ಟುಕೊಳ್ಳುವವರು ಅದಕ್ಕಿಂತ ಹೆಚ್ಚಿನದನ್ನು ಇಟ್ಟುಕೊಳ್ಳಲು ಒಲ್ಲೆನೆಂದರೆ ಸಾಕು.